‘ರೋಟ್’ ಎಂಬ ತಪ್ಪಿನ ಪೂರ್ವವೃತ್ತಾಂತ

1751ನೆಯ ಇಸವಿಯಲ್ಲಿ ಲಂಡನ್ ನಗರದ ರಾಬರ್ಟ್ ಡಾಡ್ಸ್‌ಲಿಯೆಂಬ ಪ್ರಕಾಶಕನು ಥಾಮಸ್ ಗ್ರೇ ಕವಿಯ ಪ್ರಸಿದ್ಧ ಶೋಕಗೀತೆಯನ್ನು ಅಚ್ಚುಮಾಡಿಸಿದನು. ಹಳ್ಳಿಯ ಇಗರ್ಜಿಯ ಸ್ಮಶಾನದಲ್ಲಿ ಬರೆದ ಗೀತೆಯೆಂದು ಅದರ ಹೆಸರು. ಈಗಿನ ಪುಸ್ತಕಗಳಲ್ಲಿ ಆ ಹೆಸರಿನೊಳಗೆ ‘ರಿಟನ್’ ಎಂಬ ಪದವಿರುವುದು. ಪ್ರಥಮ ಮುದ್ರಣದ ಮುಖಪತ್ರದಲ್ಲಿದ್ದುದಾದರೋ ‘ರೋಟ್’! ನಮ್ಮ ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಹೀಗೆ ಬರೆದರೆ ಉಪಾಧ್ಯಾಯರ ಕೆಂಪು ಮಸಿ ತಪ್ಪದು. ಹಾಗಾದರೆ ಈಟನ್ ಶಾಲೆಯಲ್ಲಿ ಕಲಿತು, ಕೇಂಬ್ರಿಜ್ ವಿದ್ಯಾಪೀಠದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಗ್ರೇ ಮಹಾಶಯನಿಗೆ ಇಂಗ್ಲಿಷ್ ವ್ಯಾಕರಣವು ತಿಳಿಯದಿದ್ದಿತೆ?

ಇದಕ್ಕೆ ಉತ್ತರವನ್ನು ಸಾವಿರ ವರ್ಷಗಳ ಹಿಂದೆ ಹುಡುಕಬೇಕು. ಪ್ರಾಚೀನ ಇಂಗ್ಲಿಷಿನ ಧಾತುಗಳಲ್ಲಿ ಎರಡು ಪಂಗಡಗಳಿದ್ದುವು. ಕೆಲವು ಒಳಗಿನ ಸ್ವರವನ್ನೇ ಬದಲಿಸಿಕೊಂಡು ಭೂತಕಾಲವನ್ನು ಸೂಚಿಸುತ್ತಿದ್ದುವು. ಉಳಿದವು ಕೊನೆಯಲ್ಲಿ ದಕಾರ ತಕಾರಗಳ ಪ್ರತ್ಯಯವನ್ನು ಹಚ್ಚಿಕೊಳ್ಳುತ್ತಿದ್ದುವು. ಜರ್ಮನಿಯ ಯಾಕೋಬ್ ಗ್ರಿಮ್ ಪಂಡಿತನು ಮೊದಲಿನವನ್ನು ಸಬಲವೆಂದೂ ಎರಡನೆಯವನ್ನು ದುರ್ಬಲವೆಂದೂ ಕರೆದನು. ಸಬಲ ಧಾತುಗಳಲ್ಲಿ ಭೂತಕಾಲಕ್ಕೆ ಒಂದಲ್ಲ, ಎರಡು ಸ್ವರಗಳು: ಏಕವಚನಕ್ಕೊಂದು, ಬಹುವಚನಕ್ಕೊಂದು. ಸಂಸ್ಕೃತವನ್ನು ಬಲ್ಲ ವಾಚಕರಿಗೆ ಇದು ಹೊಸದಲ್ಲ. ‘ಭಿದ್’ ಧಾತುವಿಗೆ ಲಿಟ್ಟಿನಲ್ಲಿ ‘ಬಿಭೇದ’ ಎಂದು ಏಕವಚನ, ‘ಬಿಭಿದುಃ’ ಎಂದು ಬಹುವಚನ. ಕಚ್ಚು ಎಂಬರ್ಥದ ಇಂಗ್ಲಿಷಿನ ‘ಬೈಟ್’ ಈ ‘ಭಿದ್’ ಧಾತುವಿನ ಜ್ಞಾತಿಯೇ. ಅದರ ಪ್ರಾಚೀನ ರೂಪಗಳು ‘ಬಾಟ್’ ಮತ್ತು ‘ಬಿಟನ್’. ಬಾಲಕರು ಗೊಣಗುತ್ತ ಉರುಹೊಡೆಯುವ ಪಟ್ಟಿಯಲ್ಲಿ ಇಷ್ಟು ಹಳೆಯ ಕುಲಸಂಬಂಧವು ಅಡಗಿದೆಯೆಂದರೆ ಆಶ್ಚರ್ಯವಲ್ಲವೆ!

ಕಾಲಾನುಕ್ರಮದಲ್ಲಿ ವಚನಭೇದವು ಅಳಿಯಿತು. ಇಂದು ಅದರ ಕುರುಹು ‘ವಾಸ್’, ‘ವೆರ್’ ಎಂಬ ಜೋಡಿಯಲ್ಲಿ ಮಾತ್ರ ನಿಂತಿದೆ. ಎರಡು ಸ್ವರಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ಯಾರೂ ಗೊತ್ತುಮಾಡಲಿಲ್ಲ. ‘ಸಿಂಗ್’ ಏಕವಚನದ ಸ್ವರವನ್ನು ಉಳಿಸಿಕೊಂಡಿತು, ‘ಬೈಂಡ್’ ಬಹುವಚನದ್ದನ್ನು. ‘ರೈಟ್’ ಧಾತುವಿಗೆ ಏಕವಚನದಿಂದ ಬಂದ ‘ರೋಟ್’ ಸ್ಥಿರವಾಗುತ್ತ ಬಂದರೂ, 18ನೆಯ ಶತಮಾನದಲ್ಲಿಯೂ ‘ರಿಟ್’ ಎಂದು ಬರೆಯುವವರಿದ್ದರು. ಭೂತಕಾಲದ ರೂಪವನ್ನೇ ಕೃದಂತಕ್ಕೂ ಬಳಸುವುದು ಶಿಷ್ಟರಲ್ಲಿಯೂ ರೂಢಿಯಾಗಿದ್ದಿತು. ಗ್ರೇ ಕವಿಯು ಮಾಡಿದುದು ಇಷ್ಟೇ.

1762ರಲ್ಲಿ ರಾಬರ್ಟ್ ಲೌತನ ಚಿಕ್ಕ ವ್ಯಾಕರಣವು ಹೊರಟಿತು. ಈತನು ಪಾದ್ರಿ, ಹೀಬ್ರೂ ಕಾವ್ಯದ ಮರ್ಮಜ್ಞ, ಮುಂದೆ ಲಂಡನ್ನಿನ ಬಿಷಪ್ಪನಾದವನು. ಕೃದಂತದ ಸ್ಥಾನದಲ್ಲಿ ಭೂತಕಾಲದ ರೂಪವನ್ನಿಡುವುದು ದೋಷವೆಂದು ಸಾರಿ, ಆ ದೋಷಕ್ಕೆ ನಿದರ್ಶನಗಳನ್ನು ಅವನು ಆಯ್ದುಕೊಂಡುದು ಮಿಲ್ಟನ್, ಡ್ರೈಡನ್, ಪೋಪ್ ಮೊದಲಾದವರ ಗ್ರಂಥಗಳಿಂದ! ಮಹಾಕವಿಗಳು ಬರೆದುದೇ ಪ್ರಮಾಣವೆಂಬುದು ನಮ್ಮ ಕೇಶಿರಾಜನ ಮಾರ್ಗ. ಲೌತನ ಮಾರ್ಗವು ತದ್ವಿರುದ್ಧ. ಕವಿಗಳೇ ಇಲ್ಲಿ ಅಪರಾಧಿಗಳು. ವಿನೋದವೇನೆಂದರೆ, ಅವನು ಖಂಡಿಸಿದ ಬಗೆಯ ರೂಪಗಳು ಅವನು ಪತ್ನಿಗೆ ಬರೆದ ಕಾಗದಗಳಲ್ಲಿಯೇ ದೊರೆತಿವೆ. ಮನೆಯ ಮಾತಿಗೂ ಗ್ರಂಥದ ಮಾತಿಗೂ ಭೇದವಿರುವುದು ಸಹಜವೇ. ಆದರೆ ಪಾಠಶಾಲೆಗಳು ಗ್ರಂಥವನ್ನೇ ಹಿಡಿದುವು. ಲಿಂಡ್ಲಿ ಮರ್ರೆಯು 1795ರಲ್ಲಿ ಪ್ರಕಟಿಸಿದ ವ್ಯಾಕರಣವು ಲೌತನ ವಿಧಿಗಳನ್ನು ಮನೆಮನೆಗೆ ಮುಟ್ಟಿಸಿತು. ಆ ಬಳಿಕ ಈ ರೂಪಗಳನ್ನು ಸರಿಯಾಗಿ ಹೇಳುವುದು ಮನುಷ್ಯನ ಕುಲಶೀಲಗಳನ್ನಳೆಯುವ ಕೋಲಾಯಿತು, ತಪ್ಪಿದವನು ಗಾಂಪನೆನಿಸಿಕೊಂಡನು. ಲೌತನು ವ್ಯವಸ್ಥೆಯನ್ನು ತಂದುದು ಉಪಕಾರವೇ ಸರಿ; ರೂಢಿಯನ್ನು ಅಜ್ಞಾನವೆಂದುದು ಮಾತ್ರ ಅನ್ಯಾಯವೆಂದು ನನಗೆ ತೋರುವುದು.

ಇತ್ತ ಸಬಲ ಧಾತುಗಳ ಸಂಖ್ಯೆಯು ಕುಗ್ಗುತ್ತಲೇ ಬಂದಿದೆ. 1066ರ ನಾರ್ಮನ್ ವಿಜಯದ ತರುವಾಯ ಬಂದ ಫ್ರೆಂಚ್ ಧಾತುಗಳಲ್ಲಿ ಬಹುತೇಕ ಎಲ್ಲವೂ ದುರ್ಬಲರ ಪಂಗಡವನ್ನೇ ಸೇರಿದುವು. ‘ಹೆಲ್ಪ್’ ಧಾತುವಿನ ಹಳೆಯ ಕೃದಂತವಾದ ‘ಹೋಲ್ಪನ್’ 1611ರ ಬೈಬಲಿನಲ್ಲಿ ಉಳಿದಿದೆ, ಬಳಕೆಯಲ್ಲಿಲ್ಲ. ಹಾರ್ವರ್ಡ್ ವಿದ್ಯಾಪೀಠದ ಸಂಶೋಧಕರು 2007ರಲ್ಲಿ ಪ್ರಾಚೀನ ಇಂಗ್ಲಿಷಿನ 177 ಅನಿಯತ ಧಾತುಗಳನ್ನು ಪರಿಶೀಲಿಸಿ, ಅವುಗಳಲ್ಲಿ 98 ಮಾತ್ರ ಇಂದಿಗೂ ಅನಿಯತವಾಗಿವೆಯೆಂದು ಕಂಡರು. ಹೆಚ್ಚು ಬಳಕೆಯಾಗುವ ಧಾತುವು ಹೆಚ್ಚು ಕಾಲ ಬಾಳುವುದು. ನಿತ್ಯವೂ ಕಿವಿಗೆ ಬೀಳುವ ರೂಪವನ್ನು ಮರೆಯುವವರಾರು? ಕನ್ನಡದಲ್ಲಿಯೂ ಹೀಗೆಯೇ. ಬಂದನು, ತಂದನು, ಬಿದ್ದನು, ಸತ್ತನು ಎಂಬ ವಿಲಕ್ಷಣ ರೂಪಗಳೆಲ್ಲ ದಿನಬಳಕೆಯ ಧಾತುಗಳವು; ಸಂಸ್ಕೃತದಿಂದ ತಂದ ‘ಯೋಚಿಸು’, ‘ರಚಿಸು’ ಮುಂತಾದವು ಸರಳವಾಗಿ ‘ಇಸಿದನು’ ಎಂದು ಮುಗಿಯುತ್ತವೆ.

ಹರಿವು ಒಂದೇ ದಿಕ್ಕಿಗೆಂದು ಭಾವಿಸಬಾರದು. ತೊಡು ಎಂಬರ್ಥದ ‘ವೇರ್’ ಮೊದಲು ದುರ್ಬಲವಾಗಿದ್ದು ಆಮೇಲೆ ‘ವೋರ್’ ಎಂದಾಯಿತು. ಧುಮುಕು ಎಂಬರ್ಥದ ‘ಡೈವ್’ ಧಾತುವಿಗೆ ಅಮೆರಿಕದಲ್ಲಿ 19ನೆಯ ಶತಮಾನದಲ್ಲಿ ‘ಡೋವ್’ ಹುಟ್ಟಿತು. ‘ಗೆಟ್’ ಧಾತುವಿನ ‘ಗಾಟನ್’ ಎಂಬ ಹಳೆಯ ಕೃದಂತವನ್ನು ಇಂಗ್ಲೆಂಡಿನವರು ಬಹುಮಟ್ಟಿಗೆ ಬಿಟ್ಟರು, ಅಮೆರಿಕದವರು ಕಾಪಾಡಿಕೊಂಡರು. ನಮ್ಮ ಶಾಲೆಗಳಿಗೆ ಬಂದ ಪಟ್ಟಿಯು ಇಂಗ್ಲೆಂಡಿನದಾದುದರಿಂದ, ಇಲ್ಲಿಂದ ಅಮೆರಿಕಕ್ಕೆ ಓದಲು ಹೋದ ತರುಣರು ‘ಗಾಟನ್’ ಎಂಬುದನ್ನು ಮೊದಲು ಕೇಳಿದಾಗ ಅದನ್ನು ಹಳ್ಳಿಗರ ತಪ್ಪೆಂದೇ ಎಣಿಸುವುದುಂಟು.