ತೆರಿಗೆ ಹಂಗಾಮಿನ ವಂಚನೆಗಳು (ಟೋಟೆಮ್ ಲೇಕ್)

ಅಮೆರಿಕದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಹಂಗಾಮು ಸಾಮಾನ್ಯವಾಗಿ ಜನವರಿ ಕೊನೆಯಲ್ಲಿ ಶುರುವಾಗಿ ಏಪ್ರಿಲ್ 15ಕ್ಕೆ ಮುಗಿಯುತ್ತದೆ. ಈ ದಿನಗಳಲ್ಲಿ ತೆರಿಗೆ ಇಲಾಖೆಯ (ಐಆರ್‌ಎಸ್) ಹೆಸರು ಹೇಳಿ ಹಣವನ್ನೋ ಗುರುತಿನ ವಿವರಗಳನ್ನೋ ಲಪಟಾಯಿಸುವ ಮೋಸಗಳು ಹೆಚ್ಚುತ್ತವೆ. ಟೋಟೆಮ್ ಲೇಕ್ ಎಂಬುದು ಸಿಯಾಟಲ್‌ನಿಂದ ಸರೋವರದಾಚೆ ಇರುವ ಕರ್ಕ್‌ಲ್ಯಾಂಡ್ ನಗರದ ಬಡಾವಣೆ. ಮೈಕ್ರೋಸಾಫ್ಟ್ ಇರುವ ರೆಡ್ಮಂಡ್ ಇದರ ಪಕ್ಕದ ಊರು. ಈ ಭಾಗದ ಕಂಪನಿಗಳಿಗೆ ಎಚ್-1ಬಿ ವೀಸಾದಲ್ಲಿ ಬಂದ ಭಾರತೀಯರಲ್ಲಿ ಕನ್ನಡದ ಕುಟುಂಬಗಳೂ ಇವೆ. ವೀಸಾ ಎಲ್ಲಿ ಕೈತಪ್ಪುತ್ತದೋ ಎಂಬ ಅಳುಕೇ ವಂಚಕರಿಗೆ ಬಂಡವಾಳ.

ಭಾರತದಲ್ಲೇ ಕೂತು ಈ ಅಳುಕನ್ನು ದುಡ್ಡು ಮಾಡಿಕೊಂಡವರಿದ್ದರು. 2016ರ ಅಕ್ಟೋಬರ್‌ನಲ್ಲಿ ಮುಂಬೈ ಬಳಿಯ ಠಾಣೆ ನಗರದ ಪೊಲೀಸರು ಮೀರಾ ರೋಡ್‌ನ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿ ನೂರಾರು ಮಂದಿಯನ್ನು ವಶಕ್ಕೆ ಪಡೆದರು. ಅದೇ ತಿಂಗಳು ಅಮೆರಿಕದ ನ್ಯಾಯಾಂಗ ಇಲಾಖೆ 56 ಜನರ ಮೇಲೂ ಅಹಮದಾಬಾದಿನ ಐದು ಕಾಲ್ ಸೆಂಟರ್‌ಗಳ ಮೇಲೂ ಆರೋಪ ಹೊರಿಸಿತು. ಇಲಾಖೆಯ ಲೆಕ್ಕದಲ್ಲಿ ಮೋಸಹೋದವರು ಕನಿಷ್ಠ 15,000 ಜನ. ಕರೆ ಮಾಡಿದವನು ತಾನು ಐಆರ್‌ಎಸ್ ಅಧಿಕಾರಿ ಎನ್ನುತ್ತಿದ್ದ. ಬಾಕಿ ಈಗಲೇ ಕಟ್ಟದಿದ್ದರೆ ಬಂಧನ, ಗಡೀಪಾರು ಎಂದು ಹೆದರಿಸುತ್ತಿದ್ದ. ಇಂಥ ಕರೆಗಳ ವರಸೆ ಇಂದಿಗೂ ಬದಲಾಗಿಲ್ಲ. ಫೋನ್ ಇಡಲು ಬಿಡದೆ ಅಂಗಡಿಗೆ ಕಳಿಸಿ, ಗಿಫ್ಟ್ ಕಾರ್ಡ್ ಕೊಳ್ಳಿಸಿ, ಹಿಂಬದಿಯ ಬೆಳ್ಳಿಬಣ್ಣದ ಪಟ್ಟಿ ಕೆರೆಸಿ ನಂಬರನ್ನು ಓದಿಸಿಕೊಳ್ಳುತ್ತಾರೆ. ಪರದೆಯ ಮೇಲೆ ಕಾಣುವ ಫೋನ್ ನಂಬರನ್ನೂ ಬೇಕಾದಂತೆ ತೋರಿಸಬಹುದಾದ್ದರಿಂದ ಅದನ್ನು ನಂಬುವಂತಿಲ್ಲ.

ನಿಜವಾದ ಐಆರ್‌ಎಸ್ ಇಷ್ಟು ಚುರುಕಲ್ಲ. ಬಾಕಿಯಿದ್ದರೆ ಸಾಮಾನ್ಯವಾಗಿ ಮೊದಲು ಅಂಚೆಯಲ್ಲಿ ಪತ್ರ ಬರುತ್ತದೆ, ಒಪ್ಪದಿದ್ದರೆ ತಕರಾರು ಸಲ್ಲಿಸಲು ಅವಕಾಶವೂ ಇರುತ್ತದೆ. ಚೆಕ್ ಬರೆಯಬೇಕಾದದ್ದು ‘ಯುನೈಟೆಡ್ ಸ್ಟೇಟ್ಸ್ ಟ್ರೆಷರಿ’ ಹೆಸರಿಗೆ. ವೀಸಾ ರದ್ದು ಮಾಡುವ ಅಧಿಕಾರ ಈ ಇಲಾಖೆಗೆ ಇಲ್ಲವೇ ಇಲ್ಲ.

ಟೋಟೆಮ್ ಲೇಕ್ ಸೇರಿರುವ ವಾಷಿಂಗ್ಟನ್ ರಾಜ್ಯದಲ್ಲಿ ಇರುವವರಿಗೆ ಇನ್ನೊಂದು ಅನುಕೂಲವಿದೆ. ಇಲ್ಲಿ ಸಂಬಳದಲ್ಲಿ ರಾಜ್ಯದ ಆದಾಯ ತೆರಿಗೆ ಮುರಿದುಕೊಳ್ಳುವ ಪದ್ಧತಿಯಿಲ್ಲ. 2022ರಿಂದ ದೊಡ್ಡ ಮೊತ್ತದ ಬಂಡವಾಳ ಲಾಭಕ್ಕೆ ತೆರಿಗೆ ಬಂದಿದೆ, ಆದರೆ ಅದರ ಬಿಸಿ ತಟ್ಟುವುದು ಭಾರೀ ಲಾಭಕ್ಕೆ ಷೇರು ಮಾರಿದಂಥವರಿಗೆ. ಹೀಗಾಗಿ ಸಂಬಳದಾರರಿಗೆ ‘ರಾಜ್ಯದ ಆದಾಯ ತೆರಿಗೆ ರೀಫಂಡ್ ತಡೆಹಿಡಿದಿದ್ದೇವೆ, ಲಿಂಕ್ ಒತ್ತಿ’ ಎಂಬ ಎಸ್ಸೆಮ್ಮೆಸ್ ಬಂದರೆ ಅಳಿಸಿಹಾಕಬಹುದು. ರಿಟರ್ನ್ ಯಾವ ವರ್ಷದ್ದೋ ಆ ವರ್ಷವೇ ಕ್ಯಾಲಿಫೋರ್ನಿಯಾದಿಂದ ವರ್ಗವಾಗಿ ಬಂದವರು ತುಸು ಹುಷಾರಾಗಿರಬೇಕು; ಅವರಿಗೆ ಅಲ್ಲಿಯ ರೀಫಂಡ್ ನಿಜವಾಗಿಯೂ ಬರಬೇಕಿರಬಹುದು.

ಪರಿಚಯದವರ ಮೂಲಕ ಸಿಗುವ ಅಗ್ಗದ ಟ್ಯಾಕ್ಸ್ ಏಜೆಂಟರ ಬಗ್ಗೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ. ಹಣ ಪಡೆದು ರಿಟರ್ನ್ ತಯಾರಿಸುವವರು ಐಆರ್‌ಎಸ್ ಕೊಡುವ ಪಿಟಿಐಎನ್ ಸಂಖ್ಯೆ ನಮೂದಿಸಿ ಸಹಿ ಹಾಕುವುದು ಕಡ್ಡಾಯ. ಸಹಿ ಹಾಕದೆ ನುಣುಚಿಕೊಳ್ಳುವವರು, ರೀಫಂಡಿನಲ್ಲಿ ಪಾಲು ಕೇಳುವವರು, ಇಲ್ಲದ ಖರ್ಚು ತೋರಿಸಿ ರೀಫಂಡ್ ಹಿಗ್ಗಿಸುವವರು ಮುಂದೆ ನೋಟಿಸ್ ಬಂದಾಗ ಫೋನ್ ಎತ್ತುವುದಿಲ್ಲ. ಹೊಣೆ ರಿಟರ್ನ್ ಯಾರದೋ ಅವರದೇ. ಒಪ್ಪಿಗೆ ಕೊಡುವ ಮುನ್ನ 1040 ಫಾರ್ಮಿನಲ್ಲಿ ರೀಫಂಡ್ ಜಮಾ ಆಗುವ ಬ್ಯಾಂಕ್ ಖಾತೆಯ ಸಂಖ್ಯೆ ತಮ್ಮದೇ ಹೌದೇ ಎಂದು ನೋಡಿಕೊಳ್ಳಬೇಕು.

ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕದ್ದು ಬೇರೆಯವರ ಹೆಸರಲ್ಲಿ ಮೊದಲೇ ರಿಟರ್ನ್ ಸಲ್ಲಿಸಿ ರೀಫಂಡ್ ಹೊಡೆಯುವ ಕಳ್ಳತನಕ್ಕೆ ಐಆರ್‌ಎಸ್ ಕೊಡುವ ಐಪಿ ಪಿನ್ ಒಳ್ಳೆಯ ಬೀಗ. ಆರು ಅಂಕಿಗಳ ಈ ಸಂಖ್ಯೆ ಪ್ರತಿವರ್ಷ ಬದಲಾಗುತ್ತದೆ. 2021ರಿಂದ ಗುರುತು ದೃಢಪಡಿಸಿದ ಯಾರು ಬೇಕಾದರೂ ಇದನ್ನು ಪಡೆಯಬಹುದು. ಪಡೆದ ಮೇಲೆ ಪಿನ್ ಇಲ್ಲದ ಇ-ಫೈಲಿಂಗ್ ತಿರಸ್ಕೃತವಾಗುತ್ತದೆ. ಕಳ್ಳತನ ಆಗಿಯೇ ಹೋಗಿದ್ದರೆ 14039 ಫಾರ್ಮ್ ತುಂಬಿ ದೂರು ಕೊಡಬೇಕು.

ಊರಿನ ಮನೆಬಾಡಿಗೆಗೋ ಠೇವಣಿಗೋ ಭಾರತದಲ್ಲೂ ರಿಟರ್ನ್ ಸಲ್ಲಿಸುವವರಿಗೆ ಬೆಂಗಳೂರಿನ ಸಂಸ್ಕರಣಾ ಕೇಂದ್ರದ (ಸಿಪಿಸಿ) ಹೆಸರಲ್ಲಿ ನಕಲಿ ಮೇಲ್ ಬರುವುದುಂಟು. 2019ರ ಅಕ್ಟೋಬರ್ 1ರಿಂದ ಭಾರತದ ಆದಾಯ ತೆರಿಗೆ ಇಲಾಖೆಯ ನೋಟಿಸುಗಳಿಗೆ ಡಿಐಎನ್ ಎಂಬ ಗುರುತು ಸಂಖ್ಯೆ ಇರಬೇಕು. ಇಲಾಖೆಯ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ ಅದನ್ನು ತಾಳೆ ನೋಡಬಹುದು.