ಬೆಳಗೊಳದ ಕೊಳ, ಕಳ್ಬಪ್ಪುವಿನ ಬೆಟ್ಟ

ಸ್ಥಳನಾಮಗಳಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಎರಡು ಘಟಕಗಳನ್ನು ಗುರುತಿಸುತ್ತಾರೆ. ನೆಲದ ಸ್ವರೂಪವನ್ನು ಹೇಳುವ ಬೆಟ್ಟ, ಕೆರೆ, ಹಳ್ಳ, ಕೊಳ ಮೊದಲಾದವು ವಾರ್ಗಿಕಗಳು. ಒಂದು ಬೆಟ್ಟವನ್ನು ಇನ್ನೊಂದರಿಂದ ಬೇರ್ಪಡಿಸುವ ಪೂರ್ವಪದ ನಿರ್ದಿಷ್ಟ. ನಕ್ಷೆಯಲ್ಲಿ ವಾರ್ಗಿಕವನ್ನೂ ಬರೆಯಬೇಕೆ, ಚಿಹ್ನೆಯೇ ಸಾಕೆಂದು ಅದನ್ನು ಬಿಡಬಹುದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ನಕ್ಷೆಗಾರರದು. ಶ್ರವಣಬೆಳಗೊಳದ ಶಾಸನಗಳನ್ನು ಓದುವವರಿಗೆ ಅದು ಇತಿಹಾಸದ ಪ್ರಶ್ನೆಯೂ ಹೌದು.

ಬೆಳಗೊಳವೆಂದರೆ ಬಿಳಿಯ ಕೊಳ. ಊರ ನಡುವಣ ಕೊಳದಿಂದ ಬಂದ ಈ ಹೆಸರನ್ನು ಸಂಸ್ಕೃತದಲ್ಲಿ ಬರೆದ ಶಾಸನಕವಿಗಳು ಶ್ವೇತಸರೋವರ, ಧವಳಸರೋವರ ಎಂದು ಅನುವಾದಿಸಿಕೊಂಡರು. ಹೆಸರಿನೊಳಗಿನ 'ಕೊಳ' ಅವರ ಕಿವಿಗೆ ಅರ್ಥಸಹಿತವಾಗಿಯೇ ಕೇಳುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ರೋಮನ್ ಲಿಪಿಯ ನಕ್ಷೆಗಳಿಂದ 'ಬೆಲ್ಗೋಲ' ಎಂದು ಓದಿಕೊಳ್ಳುವವರಿಗೆ ಅದರಲ್ಲಿ ಕೊಳವೂ ಇಲ್ಲ, ಬಿಳುಪೂ ಇಲ್ಲ.

ಬೆಟ್ಟಗಳ ವಿಷಯ ಇನ್ನೂ ಸ್ವಾರಸ್ಯಕರ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿಯಲ್ಲಿರುವ, ಸುಮಾರು ಕ್ರಿ.ಶ. 600ರದೆಂದು ಎಣಿಸಲಾದ ಬಂಡೆಶಾಸನವು ಆ ಬೆಟ್ಟವನ್ನು ಕಟವಪ್ರವೆಂದು ಕರೆಯುತ್ತದೆ. 'ಶಿಖರಿ' ಎಂಬ ಪದವನ್ನು ಹೆಸರಿಗೆ ಅಂಟಿಸದೆ ಪ್ರತ್ಯೇಕವಾಗಿ ಇರಿಸುತ್ತದೆ. ಕನ್ನಡ ಶಾಸನಗಳ ರೂಪ ಕಳ್ಬಪ್ಪು. 'ವಪ್ರ'ಕ್ಕೆ ದಿಬ್ಬ, ತಪ್ಪಲು ಎಂಬ ಅರ್ಥಗಳಿದ್ದರೂ ಕೇಳಿದೊಡನೆ ಬೆಟ್ಟವೆಂದು ಹೊಳೆಯುವ ಪದ ಎರಡರಲ್ಲಿಯೂ ಇಲ್ಲ. ಹೀಗಾಗಿ ಶಾಸನಕಾರನಿಗೆ 'ಶಿಖರಿ' ಅಗತ್ಯವಾಯಿತು.

ಚಂದ್ರಗಿರಿ, ವಿಂಧ್ಯಗಿರಿ ಎಂಬ ಹೆಸರುಗಳಲ್ಲಿಯಾದರೋ ಗಿರಿ ಒಳಗೇ ಇದೆ. ಆದರೂ 'ವಿಂಧ್ಯಗಿರಿ ಬೆಟ್ಟ' ಎಂದು ಬರೆಯುವುದು ರೂಢಿ; 'ನೀಲಗಿರಿ ಬೆಟ್ಟಗಳು' ಎಂಬುದೂ ಇದೇ ಜಾಡಿನದು. ಇದನ್ನು ಪುನರುಕ್ತಿಯೆಂದು ಹೀಗಳೆಯುವವರಿದ್ದಾರೆ. ಎರವಲು ಬಂದ ವಾರ್ಗಿಕದ ಅರ್ಥ ಮಸುಕಾದಾಗ ಭಾಷೆ ತನ್ನ ಪದವನ್ನು ಸೇರಿಸಿಕೊಳ್ಳುವುದು ಸಹಜ. ಮಾತಿನಲ್ಲಿ ಅದನ್ನು ತಪ್ಪೆನ್ನಲಾಗದು, ನಕ್ಷೆಯಲ್ಲಿ ಮಾತ್ರ ಅನಗತ್ಯ. ಆದರೆ ಪುನರುಕ್ತಿಯನ್ನು ಕಳೆಯುವ ಉತ್ಸಾಹದಲ್ಲಿ ಒಳಗಿನ ಗಿರಿಯನ್ನೇ ಕತ್ತರಿಸಿದರೆ ಉಳಿಯುವ 'ವಿಂಧ್ಯ' ಓದುಗನನ್ನು ಮಧ್ಯಭಾರತಕ್ಕೆ ಕೊಂಡೊಯ್ಯುತ್ತದೆ. ಚಿಕ್ಕಬೆಟ್ಟ, ದೊಡ್ಡಬೆಟ್ಟಗಳಲ್ಲಿ ಬೆಟ್ಟವನ್ನು ತೆಗೆದರೆ ಬರಿಯ ವಿಶೇಷಣ ಉಳಿಯುತ್ತದೆ. ಉದಕಮಂಡಲದ ಬಳಿಯ ದೊಡ್ಡಬೆಟ್ಟಕ್ಕೆ ಇಂಗ್ಲಿಷಿನವರು 'ಪೀಕ್' ಎಂಬ ಬಾಲವನ್ನು ಸೇರಿಸಿದ್ದು ಅವರಿಗೆ 'ಬೆಟ್ಟ' ಕೇಳಿಸದ ಕಾರಣದಿಂದ.

ಅರಸೀಕೆರೆ, ತರೀಕೆರೆಗಳ ಸಂಗತಿ ಬೇರೆ. ಹೆಸರು ಹೇಳುವುದು ಕೆರೆಯನ್ನು, ನಕ್ಷೆಯ ಚುಕ್ಕೆ ತೋರಿಸುವುದು ಪಟ್ಟಣವನ್ನು. ಇಲ್ಲಿ ವಾರ್ಗಿಕವು ಇಂದು ಅಲ್ಲಿರುವುದನ್ನಲ್ಲ, ಊರು ಯಾವುದರ ಆಸರೆಯಲ್ಲಿ ಹುಟ್ಟಿತೆಂಬುದನ್ನು ಸೂಚಿಸುತ್ತದೆ. ಕೆರೆ ಬತ್ತಿ ಹೂಳಾದ ಎಡೆಗಳಲ್ಲಿ ಹೆಸರೊಂದೇ ಉಳಿದ ದಾಖಲೆಯಾಗಿರಬಹುದು.

ಆದ್ದರಿಂದ ಜನರು ಹೆಸರಿನೊಳಗೆ ಇಟ್ಟುಕೊಂಡ ವಾರ್ಗಿಕಕ್ಕೂ ನಕ್ಷೆಗಾರನು ವಿವರಣೆಗಾಗಿ ಸೇರಿಸುವ ವಾರ್ಗಿಕಕ್ಕೂ ಭೇದ ಕಲ್ಪಿಸಬೇಕು. ಮೊದಲನೆಯದನ್ನು ಮುಟ್ಟುವ ಅಧಿಕಾರ ನಕ್ಷೆಗಾರನಿಗಿಲ್ಲ. ಎರಡನೆಯದಕ್ಕೆ ಚಿಹ್ನೆಯೋ ಭಿನ್ನ ಅಕ್ಷರವೋ ಸಾಕು. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಬೆಳಗೊಳದ ಶಾಸನಸಂಪುಟವನ್ನು ಹಿಡಿದು ಬೆಟ್ಟವೇರುವ ಸಂಶೋಧಕನಿಗಾಗಿ ಚಾರಿತ್ರಿಕ ನಕ್ಷೆಯೊಂದನ್ನು ರಚಿಸುವುದಾದರೆ, ಅದರಲ್ಲಿ 'ಚಿಕ್ಕಬೆಟ್ಟ' ಒಂದೇ ಪದವಾಗಿರಬೇಕು. 'ಕಳ್ಬಪ್ಪು'ವಿನ ಪಕ್ಕದ 'ಬೆಟ್ಟ' ಮಾತ್ರ, ಹಳೆಯ ಶಾಸನದ 'ಶಿಖರಿ'ಯಂತೆ, ಸ್ವಲ್ಪ ದೂರದಲ್ಲಿ ಸಣ್ಣ ಅಕ್ಷರದಲ್ಲಿ ನಿಲ್ಲಬೇಕು.