ನಿಸಿದಿಗಲ್ಲುಗಳ ಹಿಂದಿನ ನಿರ್ಯಾಪಕರು

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರಿಂದ ದೊರೆಯುವ ಪ್ರಾಚೀನ ಶಾಸನಗಳಲ್ಲಿ ಹೆಚ್ಚಿನವು ಸಲ್ಲೇಖನವನ್ನು, ಎಂದರೆ ಆಹಾರವನ್ನೂ ಕ್ರೋಧಲೋಭಾದಿ ಕಷಾಯಗಳನ್ನೂ ಕ್ರಮೇಣ ಕ್ಷೀಣಗೊಳಿಸಿ ಅರಿವಿನಿಂದ ದೇಹ ತೊರೆಯುವ ಜೈನ ವ್ರತವನ್ನು ಕೈಗೊಂಡವರ ನೆನಪಿಗೆ ಬರೆಸಿದವು. ಇಂತಹ ಸ್ಮಾರಕಗಳೇ ನಿಸಿದಿಗಳು. ವಿದ್ವಾಂಸರ ಗಮನ ಬಹುಮಟ್ಟಿಗೆ ವ್ರತಿಯ ಧೈರ್ಯದ ಮೇಲೆ ನೆಟ್ಟಿದೆಯಾದರೂ, ಆ ಮರಣವನ್ನು ಸಾಧ್ಯವಾಗಿಸಿದ ಪರಿಚಾರಕರ ವ್ಯವಸ್ಥೆ ಅಷ್ಟೇ ಅಧ್ಯಯನಯೋಗ್ಯವಾದುದು. ಹಳಗನ್ನಡ ಗದ್ಯಕೃತಿ ‘ವಡ್ಡಾರಾಧನೆ’ಯ ಕಥೆಗಳಿಗೆ ಹಿನ್ನೆಲೆಯಾದ ಶಿವಾರ್ಯನ ಪ್ರಾಕೃತ ಗ್ರಂಥ ‘ಭಗವತೀ ಆರಾಧನಾ’, ವ್ರತಿಯನ್ನು ಕೊನೆಯವರೆಗೆ ನಡೆಸುವ ಇವರನ್ನು ನಿರ್ಯಾಪಕರೆಂದು ಕರೆದು, 48 ಮುನಿಗಳು ನಾಲ್ವರು ನಾಲ್ವರಂತೆ ಮೈಯೊತ್ತುವ, ಮಗ್ಗುಲು ಬದಲಿಸುವ, ಮಲಮೂತ್ರ ತೆಗೆಯುವ, ಧರ್ಮಕಥೆ ಹೇಳುವ, ರಾತ್ರಿ ಎಚ್ಚರವಿರುವ ಕೆಲಸಗಳನ್ನು ಹಂಚಿಕೊಳ್ಳಬೇಕೆಂದೂ, ಕಾಲ ಪ್ರತಿಕೂಲವಾದರೆ ಇಬ್ಬರಾದರೂ ಇರಲೇಬೇಕೆಂದೂ ವಿಧಿಸುತ್ತದೆ. ವೈಯಾವೃತ್ತ್ಯವೆಂಬ ಈ ಶುಶ್ರೂಷೆಯನ್ನು ಜೈನಧರ್ಮ ಧ್ಯಾನ, ಸ್ವಾಧ್ಯಾಯಗಳೊಡನೆ ಆರು ಅಂತರಂಗ ತಪಸ್ಸುಗಳಲ್ಲಿ ಸೇರಿಸಿರುವುದರಿಂದ, ಮರಣದ ಬಳಿ ಕುಳಿತು ಸೇವೆ ಮಾಡುವುದು ಸೇವಕನ ಸ್ವಂತ ಬಾಳಿನ ಸಾಧನೆಯೂ ಆಗುತ್ತಿತ್ತು. ದಯೆಯ ಮಾತಿಗಿಂತ ಇದು ಬಹಳ ಆಳವಾದ ತಿಳಿವಳಿಕೆ. ಕೊನೆಗಾಲದಲ್ಲಿ ಇಂತಹ ಆಸರೆ ಅರಸರಿಗೂ ಬೇಕಿತ್ತು: ಅನೇಕ ಯುದ್ಧಗಳನ್ನು ಗೆದ್ದ ಗಂಗದೊರೆ ಇಮ್ಮಡಿ ಮಾರಸಿಂಹನೂ ರಾಜ್ಯ ತೊರೆದ ಮೇಲೆ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತದಲ್ಲಿದ್ದು ಮರಣ ಹೊಂದಿದನು.